ಪ್ರೋಟಾನಿನ ಕೈಗಡ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಈ ಪ್ರಯೋಗ ನೆನಪಿರುತ್ತದೆ. ಪ್ರನಾಳದಲ್ಲಿ ಒಂದಿಷ್ಟು ಅಸಿಟಿಕ್ ಆಮ್ಲ, ಅದಕ್ಕೆ ಒಂದಿಷ್ಟು ಆಲ್ಕೊಹಾಲ್. ಮೊದಲನೆಯದಕ್ಕೆ ಮೂಗಿಗೆ ಹೊಡೆಯುವ ಹುಳಿ ವಾಸನೆ, ಎರಡನೆಯದಕ್ಕೆ ಸ್ಪಿರಿಟ್ಟಿನ ಘಾಟು. ಬರೀ ಬೆರೆಸಿಟ್ಟರೆ ಏನೂ ಆದಂತೆ ಕಾಣುವುದಿಲ್ಲ. ಸಾರ ಗಂಧಕಾಮ್ಲದ ನಾಲ್ಕು ಹನಿ ಬಿಟ್ಟು, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ತಣ್ಣೀರಿಗೆ ಸುರಿದರೆ ಹಣ್ಣಿನ ಪರಿಮಳ ಏಳುತ್ತದೆ. ‘ಎಸ್ಟರ್ ಉಂಟಾಗಿದೆ’ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದರೆ ಅಂಕ ಸಿಕ್ಕಿತು.

ಬರೆಯದೇ ಉಳಿಯುವ ಪ್ರಶ್ನೆ ಬೇರೆ. ಆ ಪರಿಮಳದ ಅಣುವಿನಲ್ಲಿ ಗಂಧಕ ಎಳ್ಳಷ್ಟೂ ಇಲ್ಲ. ಹಾಕಿದ ಗಂಧಕಾಮ್ಲ ಆ ನೀರಿನಲ್ಲಿ ಹಾಗೆಯೇ ಉಳಿದಿದೆ. ಹಾಗಿದ್ದರೆ ಅದು ಮಾಡಿದ್ದಾದರೂ ಏನು? ‘ಕ್ರಿಯಾವರ್ಧಕ’ ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ಆದರೆ ಅದು ಹೆಸರಾಯಿತೇ ಹೊರತು ವಿವರಣೆಯಾಗಲಿಲ್ಲ. ಇನ್ನೂ ಒಂದು ಸೋಜಿಗವಿದೆ. ಇದೇ ಕ್ರಿಯೆಯನ್ನು ಟನ್‌ಗಟ್ಟಲೆ ನಡೆಸುವ ಎಷ್ಟೋ ಕಾರ್ಖಾನೆಗಳಲ್ಲಿ ಗಂಧಕಾಮ್ಲದ ಬದಲು ಕಲ್ಲುಸಕ್ಕರೆಯ ಪುಡಿಯನ್ನು ಹೋಲುವ ಒಂದು ಬಿಳಿ ಹರಳನ್ನು ಸುರಿಯುತ್ತಾರೆ.

ಕಾಕಂಬಿಯಿಂದ ಬಾಳೆಹಣ್ಣಿಗೆ

ಮಕ್ಕಳ ಚಾಕೊಲೇಟಿನಲ್ಲಿ, ಕೆಲವು ಔಷಧಿಗಳ ಸಿರಪ್ಪಿನಲ್ಲಿ ಬಾಳೆಹಣ್ಣು ಇಲ್ಲದೆಯೂ ಬಾಳೆಹಣ್ಣಿನ ವಾಸನೆ ಬರುವುದು ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರ್‌ನಿಂದ. ಮಾಗಿದ ಬಾಳೆಹಣ್ಣಿನೊಳಗೂ ಇದೇ ಅಣುವಿದೆ. ಅಲ್ಲಿ ಅದನ್ನು ಕಟ್ಟುವುದು ಹಣ್ಣಿನ ಕಿಣ್ವಗಳು. ಜೇನುನೊಣ ಕುಟುಕಿದಾಗ ಗೂಡಿನ ಉಳಿದ ನೊಣಗಳನ್ನು ಕೆರಳಿಸುವ ವಾಸನೆಯಲ್ಲೂ ಇದೇ ಮುಖ್ಯ.

ಕಾರ್ಖಾನೆ ಇದನ್ನು ಎರಡು ಕಚ್ಚಾವಸ್ತುಗಳಿಂದ ಮಾಡುತ್ತದೆ. ಮೊದಲನೆಯದು ವಿನಿಗರ್‌ನ ಜೀವಾಳವಾದ ಅಸಿಟಿಕ್ ಆಮ್ಲ. ಎರಡನೆಯದು ಐಸೊಅಮೈಲ್ ಆಲ್ಕೊಹಾಲ್. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಹುಳಿಯಿಸಿ ಸ್ಪಿರಿಟ್ ಭಟ್ಟಿ ಇಳಿಸುವಾಗ ಬೇರೆಯಾಗುವ ಫ್ಯೂಸೆಲ್ ಎಣ್ಣೆಯಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಕಬ್ಬಿನ ಸೀಮೆಯ ಡಿಸ್ಟಿಲರಿಗಳಿಗೆ ಈ ಎಣ್ಣೆ ಬೇಡದ ಉಪೋತ್ಪನ್ನ. ಪರಿಮಳದ ಉದ್ಯಮಕ್ಕೆ ಬೇಕಾದ ಸರಕು.

ಲೆಕ್ಕ ಸರಳವಾಗಿದೆ. 88 ಕೆಜಿ ಆಲ್ಕೊಹಾಲ್ 60 ಕೆಜಿ ಅಸಿಟಿಕ್ ಆಮ್ಲದೊಡನೆ ಪೂರ್ತಿ ಸೇರಿದರೆ 130 ಕೆಜಿ ಬಾಳೆಹಣ್ಣಿನ ಎಸ್ಟರ್ ಬರುತ್ತದೆ, ಜೊತೆಗೆ 18 ಕೆಜಿ ನೀರು. ಕ್ರಿಯಾವರ್ಧಕ ಈ ಲೆಕ್ಕದ ಯಾವ ಸಾಲಿನಲ್ಲೂ ಬರುವುದಿಲ್ಲ. ಆ 18 ಕೆಜಿ ನೀರು ಮಾತ್ರ ಮುಂದಿನ ಕಥೆಯ ತುಂಬ ಬರುತ್ತದೆ.

ಬೆಳಿಗ್ಗೆ ಕೊಟ್ಟು ಸಂಜೆ ಪಡೆದದ್ದು

ಕೈಯಲ್ಲಿ ಕಾಸಿಲ್ಲದ ತಳ್ಳುಗಾಡಿಯ ವ್ಯಾಪಾರಿಯೊಬ್ಬ ಬೆಳಿಗ್ಗೆ ಪರಿಚಯದವರಿಂದ ಐನೂರು ರೂಪಾಯಿ ಕೈಗಡ ಪಡೆಯುತ್ತಾನೆ. ಮಂಡಿಯಲ್ಲಿ ಹಣ್ಣು ಕೊಂಡು, ಮಾರಿ, ಸಂಜೆ ಹಣ ಹಿಂದಿರುಗಿಸುತ್ತಾನೆ. ಮರುದಿನ ಅದೇ ಐನೂರು ಇನ್ನೊಬ್ಬನ ಕೈಗೆ ಹೋಗುತ್ತದೆ. ಹತ್ತಾರು ಗಾಡಿಗಳ ವ್ಯಾಪಾರ ಆ ಒಂದೇ ಮೊತ್ತದಿಂದ ನಡೆದರೂ ಅದು ಯಾರ ಹಣ್ಣಿನಲ್ಲೂ ಸೇರಿಕೊಂಡಿರುವುದಿಲ್ಲ. ಆಮ್ಲ ಕ್ರಿಯಾವರ್ಧಕದ ಕೆಲಸ ಇದೇ. ಅದು ಕೈಗಡ ಕೊಡುವುದು ಪ್ರೋಟಾನನ್ನು, ಎಂದರೆ ತನ್ನ ಒಂದೇ ಒಂದು ಎಲೆಕ್ಟ್ರಾನನ್ನೂ ಬಿಟ್ಟು ಬಂದ ಹೈಡ್ರೋಜನ್ ಪರಮಾಣುವನ್ನು.

ಅಸಿಟಿಕ್ ಆಮ್ಲದ ಅಣುವಿನಲ್ಲಿ ಒಂದು ಇಂಗಾಲಕ್ಕೆ ಎರಡು ಆಮ್ಲಜನಕ ಅಂಟಿಕೊಂಡಿವೆ. ಆಮ್ಲಜನಕಕ್ಕೆ ಎಲೆಕ್ಟ್ರಾನ್ ಆಸೆ ಹೆಚ್ಚು. ಹಾಗಾಗಿ ಆ ಇಂಗಾಲದ ಸುತ್ತ ಎಲೆಕ್ಟ್ರಾನುಗಳ ಕೊರತೆ. ಆಲ್ಕೊಹಾಲಿನ ಆಮ್ಲಜನಕದ ಬಳಿ ಬಿಡುವಾಗಿರುವ ಎಲೆಕ್ಟ್ರಾನುಗಳಿವೆ. ಅವನ್ನು ಕೊಟ್ಟು ಅದು ಇಂಗಾಲಕ್ಕೆ ಅಂಟಬಹುದು. ಆದರೆ ಕೊರತೆ ಅಷ್ಟೇನೂ ತೀವ್ರವಲ್ಲದ್ದರಿಂದ ಎರಡು ಅಣುಗಳು ಎದುರಾದ ಬಹುತೇಕ ಸಲ ಡಿಕ್ಕಿ ಹೊಡೆದು ಹಾಗೆಯೇ ದೂರ ಸರಿಯುತ್ತವೆ.

ಈಗ ಕ್ರಿಯಾವರ್ಧಕದಿಂದ ಬಂದ ಪ್ರೋಟಾನೊಂದು ಅಸಿಟಿಕ್ ಆಮ್ಲದ ಆಮ್ಲಜನಕದ ಮೇಲೆ ಕೂರುತ್ತದೆ. ಪ್ರೋಟಾನಿಗೆ ಧನ ವಿದ್ಯುದಂಶ. ಅದನ್ನು ತಣಿಸಲು ಆಮ್ಲಜನಕ ಪಕ್ಕದ ಇಂಗಾಲದಿಂದ ಎಲೆಕ್ಟ್ರಾನುಗಳನ್ನು ಇನ್ನಷ್ಟು ಎಳೆದುಕೊಳ್ಳುತ್ತದೆ. ಇಂಗಾಲದ ಕೊರತೆ ಒಮ್ಮೆಲೇ ಬಿಗಡಾಯಿಸುತ್ತದೆ. ಆ ಕ್ಷಣಕ್ಕೆ ಎದುರಾದ ಆಲ್ಕೊಹಾಲ್ ಸುಲಭವಾಗಿ ಅಂಟುತ್ತದೆ. ಪ್ರೋಟಾನುಗಳು ಅಲ್ಲಲ್ಲೇ ಜಾಗ ಬದಲಿಸುತ್ತವೆ. ಆಮ್ಲದ ಕಡೆಯ ಒಂದು ಆಮ್ಲಜನಕ ಎರಡು ಹೈಡ್ರೋಜನ್‌ಗಳೊಡನೆ ನೀರಾಗಿ ಕಳಚಿಕೊಳ್ಳುತ್ತದೆ. ಉಳಿದದ್ದು ಎಸ್ಟರ್. ಕೊನೆಯಲ್ಲಿ ಒಂದು ಪ್ರೋಟಾನ್ ಬಿಡುಗಡೆಯಾಗಿ ಮುಂದಿನ ಅಣುವಿನತ್ತ ಹೋಗುತ್ತದೆ. ಕೈಗಡ ತೀರಿತು.

ಕಳಚಿದ್ದು ಆಮ್ಲದ ಆಮ್ಲಜನಕವೇ ಎಂಬುದಕ್ಕೆ ಪುರಾವೆ 1938ರಲ್ಲಿ ಸಿಕ್ಕಿತು. ಅಮೆರಿಕದ ಇರ್ವಿಂಗ್ ರಾಬರ್ಟ್ಸ್ ಮತ್ತು ಹೆರಾಲ್ಡ್ ಯೂರಿ, ಮೆಥನಾಲಿನಲ್ಲಿ ಸಾಮಾನ್ಯ ಆಮ್ಲಜನಕಕ್ಕಿಂತ ತೂಕದ ಆಮ್ಲಜನಕ-18ರ ಪ್ರಮಾಣ ಹೆಚ್ಚಿಸಿ, ಅದನ್ನು ಬೆಂಜೋಯಿಕ್ ಆಮ್ಲದೊಡನೆ ಕೂಡಿಸಿದರು. ಹೊರಬಂದ ನೀರಿನಲ್ಲಿ ಆ ತೂಕದ ಗುರುತು ಹೆಚ್ಚಾಗಿರಲಿಲ್ಲ. ಆಲ್ಕೊಹಾಲಿನ ಆಮ್ಲಜನಕ ಎಸ್ಟರ್‌ನಲ್ಲೇ ಉಳಿದಿತ್ತು.

ಇಂಥ ಕ್ರಿಯೆಗೆ ಪ್ರಬಲ ಆಮ್ಲ ಚೂರೇ ಚೂರು ಸಾಕೆಂದು ಅದಕ್ಕೂ ಮೊದಲೇ, 1895ರಲ್ಲಿ, ಜರ್ಮನಿಯ ಎಮಿಲ್ ಫಿಷರ್ ಮತ್ತು ಆರ್ಥರ್ ಸ್ಪೈಯರ್ ತೋರಿಸಿದ್ದರು. ಇಂದಿಗೂ ಈ ವಿಧಾನ ಅವರಿಬ್ಬರ ಹೆಸರಿನಲ್ಲಿಯೇ ಇದೆ.

ಗಂಧಕಾಮ್ಲದ ಉಪಟಳ

ಪ್ರೋಟಾನ್ ಕೊಡುವುದಷ್ಟೇ ಕೆಲಸವಾದರೆ ಅಗ್ಗದ ಗಂಧಕಾಮ್ಲ ಸಾಕಿತ್ತು. ತೊಂದರೆ ಇರುವುದು ಅದು ಅಷ್ಟಕ್ಕೇ ಸುಮ್ಮನಿರದಿರುವುದರಲ್ಲಿ. ಸಕ್ಕರೆಯ ಮೇಲೆ ಸಾರ ಗಂಧಕಾಮ್ಲ ಸುರಿದರೆ ಅದು ಕಪ್ಪು ಇದ್ದಿಲಾಗಿ ಉಬ್ಬುವುದನ್ನು ಶಾಲೆಯಲ್ಲಿ ತೋರಿಸುತ್ತಾರೆ. ನೀರನ್ನು ಹಾಗೆ ಕಿತ್ತುಕೊಳ್ಳುವ ಗುಣ ರಿಯಾಕ್ಟರಿನಲ್ಲೂ ಬಿಡುವುದಿಲ್ಲ. ಆಲ್ಕೊಹಾಲನ್ನು ಬೇಡದ ಈಥರ್ ಆಗಿಸುತ್ತದೆ, ಕೆಲವನ್ನು ಉತ್ಕರ್ಷಿಸುತ್ತದೆ, ತಾನೇ ಆಲ್ಕೊಹಾಲಿಗೆ ಅಂಟಿಕೊಂಡು ಇನ್ನೇನೋ ಆಗುತ್ತದೆ. ನೀರಿನಂತೆ ತಿಳಿಯಾಗಿರಬೇಕಾದ ಎಸ್ಟರ್ ಕಂದು ಬಣ್ಣಕ್ಕೆ ತಿರುಗುತ್ತದೆ. ಪರಿಮಳಕ್ಕೂ ಕ್ರೀಮಿಗೂ ಹೋಗುವ ಸರಕಿನಲ್ಲಿ ಬಣ್ಣ ಬಂದರೆ ಗಿರಾಕಿ ಮುಟ್ಟುವುದಿಲ್ಲ.

ಹೈಡ್ರೋಕ್ಲೋರಿಕ್ ಆಮ್ಲವೂ ಪ್ರಬಲವೇ. ಆದರೆ ಪ್ರೋಟಾನ್ ಹೋದ ಮೇಲೆ ಉಳಿಯುವ ಕ್ಲೋರೈಡ್ ಕೆಲವು ಆಲ್ಕೊಹಾಲುಗಳಿಗೆ ಅಂಟುತ್ತದೆ, ಉಕ್ಕಿನ ಪಾತ್ರೆಯನ್ನು ತಿನ್ನುತ್ತದೆ.

ಒಳ್ಳೆಯ ಆಮ್ಲವನ್ನು ಆರಿಸುವವರು ಹಾಗಾಗಿ ಎರಡು ಗುಣ ನೋಡುತ್ತಾರೆ. ಪ್ರೋಟಾನನ್ನು ಕೈ ಬಿಗಿ ಮಾಡದೆ ಕೊಡಬೇಕು. ಕೊಟ್ಟ ಮೇಲೆ ಉಳಿಯುವ ಭಾಗ ತನ್ನ ಪಾಡಿಗೆ ತಾನಿರಬೇಕು.

ಬಿಳಿ ಹರಳು

ಎರಡೂ ಗುಣ ಇರುವ ಆ ಹರಳಿನ ಹೆಸರು ಪ್ಯಾರಾ ಟಾಲ್ವೀನ್ ಸಲ್ಫೋನಿಕ್ ಆಮ್ಲ. ಉದ್ಯಮದಲ್ಲಿ ಇದನ್ನು ಪಿಟಿಎಸ್‌ಎ ಎಂದೇ ಕರೆಯುತ್ತಾರೆ. ಬಣ್ಣದ ಥಿನ್ನರಿನಲ್ಲಿ ಬಳಸುವ ಟಾಲ್ವೀನನ್ನು ಗಂಧಕಾಮ್ಲದೊಡನೆ ಕಾಯಿಸಿದರೆ, ಆರು ಇಂಗಾಲಗಳ ಉಂಗುರಕ್ಕೆ ಗಂಧಕ ಮತ್ತು ಮೂರು ಆಮ್ಲಜನಕಗಳಿರುವ ಸಲ್ಫೋನಿಕ್ ಗುಂಪೊಂದು ಅಂಟುತ್ತದೆ. ಸಣ್ಣ ಪ್ರಮಾಣದಲ್ಲಿ ಬಟ್ಟೆಪುಡಿ, ಪಾತ್ರೆ ತೊಳೆಯುವ ದ್ರವ ತಯಾರಿಸುವವರು ‘ಆ್ಯಸಿಡ್ ಸ್ಲರಿ’ ಎಂಬ ಕಂದು ಬಣ್ಣದ ಗಟ್ಟಿ ದ್ರವವನ್ನು ಕೊಳ್ಳುತ್ತಾರಲ್ಲ, ಅದು ಇದರ ಹತ್ತಿರದ ನಂಟು. ಅಲ್ಲಿ ಉಂಗುರಕ್ಕೆ ಇಂಗಾಲದ ಉದ್ದ ಸರಪಳಿ ಇದೆ, ಇಲ್ಲಿ ಒಂದೇ ಇಂಗಾಲದ ತುಂಡು.

ಮನೆಯ ವಿನಿಗರ್‌ನಲ್ಲಿ ಸಾವಿರ ಅಸಿಟಿಕ್ ಆಮ್ಲದ ಅಣುಗಳಿದ್ದರೆ ಯಾವುದೇ ಕ್ಷಣದಲ್ಲಿ ಪ್ರೋಟಾನ್ ಬಿಟ್ಟುಕೊಟ್ಟಿರುವುದು ಸುಮಾರು ಐದು. ಪಿಟಿಎಸ್‌ಎಯನ್ನು ನೀರಿಗೆ ಹಾಕಿದರೆ ಹೆಚ್ಚುಕಡಿಮೆ ಎಲ್ಲವೂ ಬಿಟ್ಟುಕೊಡುತ್ತವೆ. ಪ್ರೋಟಾನ್ ಹೋದಾಗ ಹಿಂದೆ ಒಂದು ಋಣ ವಿದ್ಯುದಂಶ ಉಳಿಯುತ್ತದೆ. ಅಸಿಟಿಕ್ ಆಮ್ಲದಲ್ಲಿ ಆ ಹೊರೆಯನ್ನು ಎರಡು ಆಮ್ಲಜನಕಗಳು ಹಂಚಿಕೊಳ್ಳಬೇಕು. ಸಲ್ಫೋನಿಕ್ ಗುಂಪಿನಲ್ಲಿ ಮೂರು, ಜೊತೆಗೆ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುವ ಗಂಧಕವೂ ಇದೆ. ಹೊರೆ ಹಂಚಿಹೋದದ್ದರಿಂದ ಪ್ರೋಟಾನನ್ನು ವಾಪಸು ಕರೆಯುವ ಆತುರವಿಲ್ಲ. ಅದೇ ಕಾರಣಕ್ಕೆ ಆ ಉಳಿದ ಭಾಗ ಬೇರೆ ಅಣುಗಳ ಮೇಲೆ ಎರಗುವುದೂ ಕಡಿಮೆ. ಬೇಕಾದ ಎರಡು ಗುಣಗಳೂ ಒಂದೇ ಬೇರಿನಿಂದ ಬಂದಿವೆ.

ಅನುಕೂಲಗಳು ಇನ್ನೂ ಇವೆ. ಉಂಗುರ ಇರುವುದರಿಂದ ಇದು ಎಣ್ಣೆಯಂಥ ದ್ರವಗಳೊಡನೆಯೂ ಬಿಸಿಯಲ್ಲಿ ಬೆರೆಯುತ್ತದೆ. ಘನವಾದ್ದರಿಂದ ತೂಗಿ ಸುರಿಯುವುದು ಸುಲಭ. ನೂರು ಕೆಜಿ ಸರಕಿಗೆ ಒಂದು ಕೆಜಿಯ ಆಸುಪಾಸು ಸಾಕಾಗುತ್ತದೆ. ಹಾಗೆಂದು ಸಾಧು ವಸ್ತುವಲ್ಲ: ಚರ್ಮ ಸುಡುತ್ತದೆ, ಲೋಹ ತಿನ್ನುತ್ತದೆ, ಬಳಸುವ ಕಡೆ ಗಾಜಿನ ಒಳಪದರದ ರಿಯಾಕ್ಟರುಗಳು ಸಾಮಾನ್ಯ.

ನೀರು ಮಾಡುವ ಅಡ್ಡಿ

ಆಮ್ಲ ಎಷ್ಟೇ ಪ್ರಬಲವಾಗಿದ್ದರೂ ಒಂದು ಕೆಲಸ ಅದರಿಂದ ಆಗದು. 1862ರ ಸುಮಾರಿಗೆ ಫ್ರಾನ್ಸಿನ ಮಾರ್ಸೆಲಿನ್ ಬೆರ್ತೆಲೊ ಮತ್ತು ಪೆಯಾಂ ದ ಸ್ಯಾಂ-ಝಿಲ್ ಅಸಿಟಿಕ್ ಆಮ್ಲ ಮತ್ತು ಆಲ್ಕೊಹಾಲನ್ನು ಸಮಪ್ರಮಾಣದಲ್ಲಿ ಸೇರಿಸಿ ಕಾದು ನೋಡಿದರು. ಸುಮಾರು ಮೂರನೇ ಎರಡು ಭಾಗ ಎಸ್ಟರ್ ಆದ ಮೇಲೆ ಕ್ರಿಯೆ ನಿಂತಂತಾಗುತ್ತಿತ್ತು. ಎಸ್ಟರ್ ಮತ್ತು ನೀರನ್ನು ಬೆರೆಸಿ ಹಿಂದಿನಿಂದ ಹೊರಟರೂ ತಲುಪುವುದು ಅದೇ ಜಾಗಕ್ಕೆ. ಎಸ್ಟರ್ ಹುಟ್ಟುವ ವೇಗಕ್ಕೇ ನೀರು ಅದನ್ನು ಒಡೆಯುತ್ತಿರುತ್ತದೆ. ಕ್ರಿಯಾವರ್ಧಕ ಎರಡೂ ದಿಕ್ಕಿನ ಓಟವನ್ನು ಸಮನಾಗಿ ಚುರುಕುಗೊಳಿಸುತ್ತದೆ. ನಿಲ್ಲುವ ಜಾಗವನ್ನು ಬದಲಿಸುವುದಿಲ್ಲ.

ನೀರಿನ ಎರಡನೆಯ ಕಾಟವೂ ಇದೆ. ಅದಕ್ಕೂ ಪ್ರೋಟಾನ್ ಬೇಕು. ನೀರು ಹೆಚ್ಚಿದಂತೆ ಪ್ರೋಟಾನುಗಳು ಅದಕ್ಕೇ ಅಂಟಿಕೊಂಡು ಕ್ರಿಯೆಗೆ ಸಿಗುವುದು ಕಡಿಮೆಯಾಗುತ್ತದೆ. ಮಾರುಕಟ್ಟೆಯ ಪಿಟಿಎಸ್‌ಎ ಹರಳಿನಲ್ಲೇ ಆಮ್ಲದ ಪ್ರತಿ ಅಣುವಿಗೊಂದು ನೀರಿನ ಅಣು ಸೇರಿರುತ್ತದೆ. ಅಲ್ಲೂ ಪ್ರೋಟಾನ್ ಇರುವುದು ನೀರಿನ ಹತ್ತಿರವೇ.

ಇದಕ್ಕೆ ಉಪಾಯ ಸಿಕ್ಕಿದ್ದು ಪೆಟ್ರೋಲಿಯಂ ಪರೀಕ್ಷೆಯಿಂದ. ಕಚ್ಚಾ ತೈಲದಲ್ಲಿ ಬೆರೆತ ನೀರನ್ನು ಅಳೆಯಲು ಅಮೆರಿಕದ ಗಣಿ ಇಲಾಖೆಯ ಡೀನ್ ಮತ್ತು ಸ್ಟಾರ್ಕ್ 1920ರಲ್ಲಿ ಒಂದು ಗಾಜಿನ ಸಲಕರಣೆ ಮಾಡಿದರು. ಟಾಲ್ವೀನ್ ಒಂದೇ ಇದ್ದರೆ ಸುಮಾರು 111 ಡಿಗ್ರಿಯಲ್ಲಿ ಕುದಿಯುತ್ತದೆ. ನೀರು ಜೊತೆಗಿದ್ದರೆ ಎರಡೂ 85 ಡಿಗ್ರಿಯ ಹತ್ತಿರವೇ ಕೂಡಿ ಆವಿಯಾಗುತ್ತವೆ. ಆವಿ ತಣಿದು ಪಕ್ಕದ ಕೊಳವೆಗೆ ಬಿದ್ದಾಗ ನೀರು ತಳಕ್ಕಿಳಿಯುತ್ತದೆ, ಹಗುರವಾದ ಟಾಲ್ವೀನ್ ತುಂಬಿ ಹರಿದು ಪಾತ್ರೆಗೆ ಮರಳುತ್ತದೆ. ಎಸ್ಟರ್ ಕಾರ್ಖಾನೆಗಳಲ್ಲಿ ಇದರದೇ ದೊಡ್ಡ ರೂಪವಿದೆ. ಹುಟ್ಟಿದ ನೀರು ಹುಟ್ಟಿದಂತೆ ಹೊರಹೋದರೆ ಎಸ್ಟರನ್ನು ಒಡೆಯಲು ಏನೂ ಉಳಿಯುವುದಿಲ್ಲ. ಕ್ರಿಯೆ ಎಷ್ಟು ಮುಗಿಯಿತೆಂದು ತಿಳಿಯಲು ಆಪರೇಟರ್ ನೋಡುವುದು ಈ ನೀರನ್ನೇ. ನಮ್ಮ ಬಾಳೆಹಣ್ಣಿನ ಲೆಕ್ಕದಲ್ಲಿ 18 ಲೀಟರ್ ತುಂಬಿತೆಂದರೆ ಪಾತ್ರೆಯ ಕೆಲಸ ಮುಗಿಯಿತೆಂದು ಅರ್ಥ.

ಫೌಂಡ್ರಿಯ ಮರಳು

ಬೆಳಗಾವಿಯಂಥ ಎರಕದ ಊರುಗಳಿಗೆ ಈ ಆಮ್ಲ ಬರುವುದು ಪರಿಮಳಕ್ಕಲ್ಲ, ಮರಳನ್ನು ಗಟ್ಟಿ ಮಾಡುವುದಕ್ಕೆ. ಪಂಪಿನ ಮೈ, ಯಂತ್ರದ ಪೀಠದಂಥ ದೊಡ್ಡ ಎರಕಗಳಿಗೆ ಅಚ್ಚು ಮಾಡುವ ಒಂದು ವಿಧಾನ ‘ಫ್ಯುರಾನ್ ನೋ-ಬೇಕ್’. ನೂರು ಕೆಜಿ ಮರಳಿಗೆ ಸುಮಾರು ಒಂದು ಕೆಜಿ ರಾಳ, ರಾಳದ ಅರ್ಧದಷ್ಟೋ ಅದಕ್ಕೂ ಕಡಿಮೆಯೋ ಸಲ್ಫೋನಿಕ್ ಆಮ್ಲದ ದ್ರಾವಣ ಬೆರೆಸಿ ಪೆಟ್ಟಿಗೆಗೆ ತುಂಬಿದರೆ, ಒಲೆಯ ಹಂಗಿಲ್ಲದೆ ಮರಳು ಕಲ್ಲಾಗುತ್ತದೆ.

ರಾಳದ ಮೂಲ ಬೆಳೆಯ ತ್ಯಾಜ್ಯ. ಮೆಕ್ಕೆಜೋಳದ ದಿಂಡು, ಕಬ್ಬಿನ ಸಿಪ್ಪೆಯಿಂದ ಫರ್ಫ್ಯುರಾಲ್ ಎಂಬ ದ್ರವ ತೆಗೆದು, ಅದನ್ನು ಫರ್ಫ್ಯುರೈಲ್ ಆಲ್ಕೊಹಾಲ್ ಆಗಿಸುತ್ತಾರೆ. ಓಟ್ಸ್ ಹೊಟ್ಟಿನಿಂದ ಫರ್ಫ್ಯುರಾಲನ್ನು ವಾಣಿಜ್ಯ ಮಟ್ಟದಲ್ಲಿ ಮೊದಲು ತೆಗೆದದ್ದು ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ, 1922ರಲ್ಲಿ. ಆಮ್ಲದ ಪ್ರೋಟಾನ್ ಈ ಅಣುವಿನ ಆಮ್ಲಜನಕಕ್ಕೆ ಅಂಟಿದಾಗ ನೀರು ಕಳಚುತ್ತದೆ. ಎಲೆಕ್ಟ್ರಾನ್ ಕೊರತೆಯ ಇಂಗಾಲ ಪಕ್ಕದ ಅಣುವನ್ನು ಹಿಡಿಯುತ್ತದೆ. ಪ್ರೋಟಾನ್ ಮುಂದಕ್ಕೆ ಹೋಗುತ್ತದೆ. ಹೀಗೆ ಕೊಂಡಿಗೆ ಕೊಂಡಿ ಸೇರಿ ಮರಳಿನ ಕಣಗಳ ನಡುವೆ ಬಲೆ ಹೆಣೆಯುತ್ತದೆ. ಎಸ್ಟರ್‌ನಲ್ಲಿ ನಡೆದ ವ್ಯವಹಾರವೇ ಇಲ್ಲೂ ನಡೆದದ್ದು.

ಅಡ್ಡಿಗಳೂ ಅವೇ. ನೀರು ಆವಿಯಾಗಿ ಹೋಗದಿದ್ದರೆ ಅಚ್ಚು ಗಟ್ಟಿಯಾಗುವುದು ತಡ. ಚಳಿಗೆ ಪ್ರಬಲ ದ್ರಾವಣ, ಬೇಸಿಗೆಗೆ ದುರ್ಬಲ ದ್ರಾವಣ ಬೇಕು. ಇಲ್ಲದಿದ್ದರೆ ಮಿಕ್ಸರಿನಲ್ಲೇ ಮರಳು ಕಚ್ಚಿಕೊಳ್ಳುತ್ತದೆ. ಕಡಲ ತೀರದ ಮರಳಿನಲ್ಲಿ ಚಿಪ್ಪಿನ ಚೂರುಗಳಿದ್ದರೆ ಕೆಲಸ ಇನ್ನೂ ಕೆಡುತ್ತದೆ. ಚಿಪ್ಪೆಂದರೆ ಸುಣ್ಣದ ಕಲ್ಲು. ಅದು ಪ್ರೋಟಾನ್ ಪಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಕೈಗಡ ಮರಳಿ ಬರುವುದಿಲ್ಲ. ಮರಳು ಎಷ್ಟು ಆಮ್ಲ ನುಂಗುತ್ತದೆಂದು ಮೊದಲೇ ಪರೀಕ್ಷಿಸುವ ಪದ್ಧತಿ ಫೌಂಡ್ರಿಗಳಲ್ಲಿ ಇರುವುದು ಇದಕ್ಕೇ.

ಕಾದ ಲೋಹ ಸುರಿದಾಗ ಆಮ್ಲ ಸುಟ್ಟು ಗಂಧಕ ಹೊರಬರುತ್ತದೆ. ಒಂದಿಷ್ಟು ಹೊಗೆಯಾಗಿ ಕೆಲಸಗಾರರ ಮೂಗಿಗೆ ಬಡಿಯುತ್ತದೆ. ಇನ್ನೊಂದಿಷ್ಟು ಎಸ್‌ಜಿ (ಸ್ಫಿರಾಯ್ಡಲ್ ಗ್ರಾಫೈಟ್) ಕಬ್ಬಿಣದ ಹೊರಮೈಗೆ ಸೇರಿ, ಗುಂಡಗಿರಬೇಕಾದ ಗ್ರಾಫೈಟನ್ನು ಚಪ್ಪಟೆ ಮಾಡುತ್ತದೆ. ಅಲ್ಲಿ ಎರಕದ ಗಟ್ಟಿತನ ತಗ್ಗುತ್ತದೆ. ಒಂದೇ ಮರಳನ್ನು ಪದೇ ಪದೇ ಬಳಸಿದಷ್ಟೂ ಗಂಧಕ ಶೇಖರವಾಗುತ್ತದೆ.

ಡಬ್ಬಿ ಎರಡು, ಬಣ್ಣ ಒಂದು

ಮನೆಯ ಬಾಗಿಲಿಗೆ ಮೆಲಮೈನ್ ಪಾಲಿಶ್ ಹೊಡೆಸಿದವರು ಎರಡು ಡಬ್ಬಿ ನೋಡಿರುತ್ತಾರೆ. ದೊಡ್ಡದರಲ್ಲಿ ರಾಳ, ಚಿಕ್ಕದರಲ್ಲಿ ಹಾರ್ಡ್‌ನರ್. ಇಂಥ ಹಾರ್ಡ್‌ನರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಟಿಎಸ್‌ಎಯಂಥ ಆಮ್ಲ. ಬೆರೆಸಿದ ಗಳಿಗೆಯಿಂದಲೇ ರಾಳದ ಅಣುಗಳು ಬೆಸೆಯತೊಡಗುವುದರಿಂದ ಅಂದಂದು ಬೇಕಾದಷ್ಟೇ ಬೆರೆಸಬೇಕು. ಹೊಡೆದ ಮೇಲೆ ಕಣ್ಣು ಉರಿಸುವ ಘಾಟು ಬರುವುದು, ಬೆಸೆಯುವಾಗ ಬಿಡುಗಡೆಯಾಗುವ ಫಾರ್ಮಾಲ್ಡಿಹೈಡ್‌ನಿಂದ.

ಒಂದೇ ಡಬ್ಬಿಯಲ್ಲಿ ಎರಡನ್ನೂ ಬೆರೆಸಿ ತಿಂಗಳುಗಟ್ಟಲೆ ಇಡಬೇಕಾದರೆ? ತಗಡಿನ ಸುರುಳಿ, ಕಾರಿನ ಮೈ, ಡಬ್ಬಗಳಿಗೆ ಬಣ್ಣ ಹಚ್ಚುವ ಉದ್ಯಮಕ್ಕೆ ಇದು ಬೇಕು. ಅಲ್ಲಿ ಆಮ್ಲವನ್ನು ಮೊದಲೇ ಒಂದು ಅಮೀನ್‌ಗೆ ಕಟ್ಟಿಹಾಕುತ್ತಾರೆ. ಅಮೋನಿಯಾದ ಬಳಗದ ಈ ವಸ್ತು ಪ್ರೋಟಾನನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಬಣ್ಣ ಹಚ್ಚಿದ ತಗಡು ಒಲೆಯೊಳಗೆ ಹೋದಾಗ ಅಮೀನ್ ಆವಿಯಾಗಿ ಹೊರಟುಹೋಗುತ್ತದೆ, ಪ್ರೋಟಾನ್ ಕೆಲಸಕ್ಕೆ ಸಿಗುತ್ತದೆ.

ಹೊಂಗೆ ಎಣ್ಣೆಯ ಹುಳಿ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಎಂಜಿನ್ ಓಡಿಸಲು ನಡೆಸಿದ ಕೆಲಸ, ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನ ಕರ್ನಾಟಕದ ಓದುಗರಿಗೆ ಹೊಸತಲ್ಲ. ಹೊಂಗೆ ಎಣ್ಣೆಯನ್ನು ಬಯೋಡೀಸೆಲ್ ಮಾಡುವಾಗ ಎದುರಾಗುವ ತೊಡಕು ಅದರ ಹುಳಿತನ. ಬೀಜ ಹಳತಾದಷ್ಟೂ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚುತ್ತದೆ. ಅಂಥ ಎಣ್ಣೆಗೆ ಎಂದಿನಂತೆ ಕಾಸ್ಟಿಕ್ ಸೋಡಾವನ್ನು ಕ್ರಿಯಾವರ್ಧಕವಾಗಿ ಸೇರಿಸಿದರೆ ಕೊಬ್ಬಿನಾಮ್ಲ ಸಾಬೂನಾಗಿ ನೊರೆಗಟ್ಟುತ್ತದೆ, ಡೀಸೆಲನ್ನು ಬೇರ್ಪಡಿಸಲಾಗುವುದಿಲ್ಲ.

ಪರಿಹಾರ ಎರಡು ಹಂತದ್ದು. ಮೊದಲು ಪ್ರಬಲ ಆಮ್ಲ ಮತ್ತು ಮೆಥನಾಲ್ ಸೇರಿಸಿ ಬಿಡಿ ಕೊಬ್ಬಿನಾಮ್ಲವನ್ನು ಎಸ್ಟರ್ ಮಾಡುವುದು. ಆ ಎಸ್ಟರ್ ಕೂಡ ಬಯೋಡೀಸೆಲ್ಲೇ. ಹುಟ್ಟಿದ ನೀರನ್ನು ತೆಗೆದ ಮೇಲೆ ಕಾಸ್ಟಿಕ್ಕಿನ ಸರದಿ. ಮೊದಲ ಹಂತಕ್ಕೆ ಗಂಧಕಾಮ್ಲವೇ ರೂಢಿ. ಅದರ ಜಾಗಕ್ಕೆ ಬರುತ್ತಿರುವುದರಲ್ಲಿ ಮೀಥೇನ್ ಸಲ್ಫೋನಿಕ್ ಆಮ್ಲ ಒಂದು. ಇದರಲ್ಲಿ ಉಂಗುರವಿಲ್ಲ, ಒಂದೇ ಇಂಗಾಲಕ್ಕೆ ಸಲ್ಫೋನಿಕ್ ಗುಂಪು ಅಂಟಿದೆ. ನಮ್ಮ ಹವೆಯಲ್ಲಿ ಇದು ದ್ರವ. ಕಡಲಿನ ಸೂಕ್ಷ್ಮ ಸಸ್ಯಗಳಿಂದ ಏಳುವ ಗಂಧಕದ ಆವಿ ಗಾಳಿಯಲ್ಲಿ ಬದಲಾಗಿ ಇದೇ ಆಮ್ಲವಾಗುತ್ತದೆ. ಅಂಟಾರ್ಕ್ಟಿಕಾದ ಹಿಮದಲ್ಲೂ ಇದರ ಕುರುಹು ಸಿಗುತ್ತದೆ. ಇದನ್ನು ಅರಗಿಸಿಕೊಳ್ಳಬಲ್ಲ ಸೂಕ್ಷ್ಮಜೀವಿಗಳು ಇರುವುದರಿಂದ ಕಾರ್ಖಾನೆಯ ಕೊಳಚೆ ನೀರನ್ನು ಶುದ್ಧೀಕರಿಸುವುದು ಅಷ್ಟರಮಟ್ಟಿಗೆ ಹಗುರ.

ಮಣಿಗೆ ಕಟ್ಟಿದ ಆಮ್ಲ

ಎಲ್ಲ ಬಳಕೆಯಲ್ಲೂ ಕೊನೆಗೊಂದು ತಲೆನೋವು ಉಳಿಯುತ್ತದೆ. ಕ್ರಿಯಾವರ್ಧಕ ಖರ್ಚಾಗುವುದಿಲ್ಲ, ನಿಜ. ಸರಕಿನೊಳಗೇ ಕರಗಿ ಕೂತಿರುತ್ತದೆ. ಅದನ್ನು ಸೋಡಾ ಹಾಕಿ ತಣಿಸಬೇಕು, ನೀರಿನಲ್ಲಿ ತೊಳೆಯಬೇಕು. ಹಾಗೆ ಮಾಡಿದರೆ ಆಮ್ಲವೂ ಹೋಯಿತು, ಕೊಳಚೆ ನೀರೂ ಬಂತು.

ಆಮ್ಲವನ್ನು ಕರಗದ ಪ್ಲಾಸ್ಟಿಕ್ಕಿಗೆ ಕಟ್ಟಿದರೆ ಈ ತಾಪತ್ರಯವಿಲ್ಲ. ಪಾಲಿಸ್ಟೈರೀನ್ ಮಣಿಗಳಲ್ಲಿ ಸಾಲುಸಾಲಾಗಿ ಆರಿಂಗಾಲದ ಉಂಗುರಗಳಿವೆ. ಅವಕ್ಕೆ ಸಲ್ಫೋನಿಕ್ ಗುಂಪು ಅಂಟಿಸಿದರೆ, ಪ್ರತಿ ಉಂಗುರವೂ ಪಿಟಿಎಸ್‌ಎಯ ಪಡಿಯಚ್ಚು. ಆಂಬರ್‌ಲಿಸ್ಟ್-15 ಇಂಥದೊಂದು ಮಣಿ. ಕೊಳವೆಯಲ್ಲಿ ಮಣಿ ತುಂಬಿ ಒಂದು ತುದಿಯಿಂದ ಕಚ್ಚಾವಸ್ತು ಹರಿಸಿದರೆ ಇನ್ನೊಂದು ತುದಿಯಿಂದ ಆಮ್ಲವಿಲ್ಲದ ಸರಕು ಬರುತ್ತದೆ. ಪೆಟ್ರೋಲಿಗೆ ಬೆರೆಸುವ ಈಥರ್‌ಗಳನ್ನು 1970ರ ದಶಕದಿಂದ ಹೀಗೆ ತಯಾರಿಸುತ್ತಿದ್ದಾರೆ. ಪಾಲಿಕಾರ್ಬೊನೇಟಿನ 20 ಲೀಟರ್ ನೀರಿನ ಕ್ಯಾನಿಗೆ ಬೇಕಾದ ಬಿಸ್ಫೆನಾಲ್-ಎಯನ್ನು ಫೀನಾಲ್ ಮತ್ತು ಅಸಿಟೋನ್‌ನಿಂದ ಪಡೆಯುವುದೂ ಬಹುಮಟ್ಟಿಗೆ ಇಂಥ ಮಣಿಗಳ ಮೇಲೆಯೇ. ಅಲ್ಲೂ ಹುಟ್ಟುವ ನೀರು ಮಣಿಗಳ ಪ್ರೋಟಾನುಗಳನ್ನು ಹಿಡಿದು ಕೆಲಸ ನಿಧಾನಿಸುತ್ತದೆ.

ಮಣಿಗೂ ಒಂದು ಮಿತಿಯಿದೆ. ಉಂಗುರಕ್ಕೆ ಸಲ್ಫೋನಿಕ್ ಗುಂಪು ಅಂಟುವ ಕ್ರಿಯೆಯೂ ಎರಡೂ ದಿಕ್ಕಿನದು. ಬಿಸಿ ಮತ್ತು ನೀರು ಕೂಡಿದರೆ ಅಂಟಿದ್ದು ಕಳಚುತ್ತದೆ. ಆಂಬರ್‌ಲಿಸ್ಟ್-15ನ್ನು 120 ಡಿಗ್ರಿಗಿಂತ ಮೇಲೆ ಬಳಸಬಾರದೆಂಬ ಸೂಚನೆ ಇದೆ. ಆ ಗೆರೆ ದಾಟಿದರೆ ಗುಂಪುಗಳು ಒಂದೊಂದಾಗಿ ಬಿಟ್ಟು ಗಂಧಕಾಮ್ಲವಾಗಿ ಸರಕಿನೊಡನೆ ಹರಿಯುತ್ತವೆ, ಮುಂದಿನ ಪೈಪು ಮತ್ತು ಪಂಪುಗಳನ್ನು ತಿನ್ನುತ್ತವೆ. ಅದಕ್ಕಿಂತ ಹೆಚ್ಚಿನ ಶಾಖ ಬೇಡುವ ಕ್ರಿಯೆಗಳಿಗೆ, ಉದಾಹರಣೆಗೆ ಪಿವಿಸಿಯನ್ನು ಮೆದುವಾಗಿಸುವ ಎಸ್ಟರ್‌ಗಳನ್ನು 200 ಡಿಗ್ರಿಯ ಆಚೆ ತಯಾರಿಸುವ ದೊಡ್ಡ ಘಟಕಗಳಿಗೆ, ಈ ಮಣಿ ಆಗಿಬರುವುದಿಲ್ಲ. ಅಲ್ಲಿ ಟೈಟಾನಿಯಂ ಸಂಯುಕ್ತಗಳು ಆ ಕೆಲಸ ವಹಿಸಿಕೊಂಡಿವೆ.